ಅತ್ತೆಯನ್ನು ಕೂರಿಸಿಕೊಂಡು ಬೀದಿ ಸುತ್ತುವ ಗಾಲಿಯಕ್ಕ

ಬೀದಿದೀಪಗಳು ಇನ್ನೂ ಆರಿಲ್ಲ. ಮಾರುಕಟ್ಟೆ ಬೀದಿಯ ತುದಿಯಲ್ಲಿ ಖಾಕಿ ಕೋಟು ತೊಟ್ಟ ಹೆಂಗಸೊಬ್ಬರು ಗಾಲಿಕುರ್ಚಿಯೊಂದನ್ನು ತಳ್ಳಿಕೊಂಡು ಫುಟ್‌ಪಾತ್ ಹತ್ತುತ್ತಾರೆ. ಕುರ್ಚಿಯಲ್ಲಿ ಕೂತವರ ತಲೆಗೆ ಹಳೆಯ ಮಫ್ಲರ್ ಸುತ್ತಿದೆ, ಸೊಂಟಕ್ಕೆ ಹಗ್ಗ ಬಿಗಿದಿದೆ. ಪೇಪರಿಗೆ ಬರೆಯಲೆಂದು ಬಂದಿರುವ ನಾನು, ಪಾಪ, ಯಾರೋ ಹಿರಿಯರು ಎಂದುಕೊಂಡು ಕೈ ಮುಗಿಯಲು ಹೋಗಿ ಪೆಚ್ಚಾಗುತ್ತೇನೆ. ಅದು ಮರಳಿನ ಮೂಟೆ.

"ಅತ್ತೆ ಬಂದ್ಲು, ಅತ್ತೆ ಬಂದ್ಲು! ಬುಟ್ಟಿ ಒಳಗೆ ಎಳ್ಕೊಳ್ರೋ!" ಎಂದು ಹಣ್ಣಿನಂಗಡಿಯಾಕೆ ಬೀದಿಗೆಲ್ಲ ಕೇಳುವಂತೆ ಕೂಗುತ್ತಾಳೆ. ಆ ಕೂಗಿಗೆ ಸಾಲಂಗಡಿಗಳಲ್ಲಿ ಗಡಿಬಿಡಿ ಶುರುವಾಗುತ್ತದೆ. ಒಬ್ಬ ಬಕೆಟ್ಟುಗಳ ಗೋಪುರವನ್ನು ತಬ್ಬಿಕೊಂಡು ಒಳಗೆ ಓಡುತ್ತಾನೆ. ಇನ್ನೊಬ್ಬ ಬೆಂಚನ್ನು ಕಾಲಿನಿಂದಲೇ ಹಿಂದಕ್ಕೆ ನೂಕಿ, ಏನೂ ಗೊತ್ತಿಲ್ಲದವನಂತೆ ಹಲ್ಲುಜ್ಜತೊಡಗುತ್ತಾನೆ.

ಕುರ್ಚಿ ತಳ್ಳುವವರು ನಗರಸಭೆಯ ಬೀದಿ ತಪಾಸಣೆಯವರು. ಊರಿಗೆಲ್ಲ ಅವರು ಗಾಲಿಯಕ್ಕ. ಮರಳಿನ ಮೂಟೆ ಅವರ ಅತ್ತೆ. ಮದುವೆಯಾಗಿ ಇಷ್ಟು ವರ್ಷವಾದರೂ ನಿಜವಾದ ಅತ್ತೆಗೆ ಇಷ್ಟು ಮರ್ಯಾದೆ ಸಿಕ್ಕಿರಲಿಲ್ಲವಂತೆ. ಹಾಗೆಂದು ಅವರೇ ಹೇಳಿ ಅವರೇ ನಗುತ್ತಾರೆ.

ಅವರ ಕೆಲಸದ ರೀತಿ ಸರಳ. ಸರ್ಕಾರಿ ಆಸ್ಪತ್ರೆಯವರು ಗುಜರಿಗೆ ಹಾಕಿದ್ದ ಕುರ್ಚಿಯನ್ನು ಕೇಳಿ ತಂದಿದ್ದಾರೆ. ದಿನಕ್ಕೊಂದು ವಾರ್ಡಿನಂತೆ ಫುಟ್‌ಪಾತಿನ ಈ ತುದಿಯಿಂದ ಆ ತುದಿಗೆ ಅದನ್ನು ತಳ್ಳುತ್ತಾರೆ. ಸಲೀಸಾಗಿ ಹೋದರೆ ಸರಿ. ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ನೀಲಿ ಸೀಮೆಸುಣ್ಣದಿಂದ ಒಂದು ಗುರುತು. "ಮೊದಲು ಖಾಲಿ ಕುರ್ಚಿ ತಳ್ತಿದ್ದೆ ಸಾರ್. ಅದು ಏನಡ್ಡ ಬಂದ್ರೂ ಕುಪ್ಪಳಿಸಿ ದಾಟ್ಕೊಂಡು ಹೋಗ್ತಿತ್ತು. ಮನುಷ್ಯರ ಭಾರ ಇದ್ರೆ ತಾನೇ ಬೀದಿ ಕಷ್ಟ ಗೊತ್ತಾಗೋದು? ಅದಕ್ಕೇ ಮೂಟೆ ಕೂರಿಸಿದೆ" ಎನ್ನುತ್ತಾರೆ.

ನಾವೆಲ್ಲ ಫುಟ್‌ಪಾತ್ ಸರಿಯಿಲ್ಲ ಎಂದು ಬೈದುಕೊಂಡು ರಸ್ತೆಗಿಳಿದು ನಡೆಯುವವರು. ಆ ಜಾಗ ಯಾರದು ಎಂದು ಕೇಳಿದರೆ ತಲೆ ಕೆರೆದುಕೊಳ್ಳುತ್ತೇವೆ. ಅಂಗಡಿಯವರು ಅಂಗಡಿಯ ಮುಂದಿರುವುದು ತಮ್ಮದೇ ಎನ್ನುತ್ತಾರೆ. ನಗರಸಭೆಯಲ್ಲಿ ಕೆಲವರು ಅದು ಕಚೇರಿಯ ಆಸ್ತಿ ಎಂದು ಮೀಸೆ ತಿರುವುತ್ತಾರೆ. ಗಾಲಿಯಕ್ಕನ ಲೆಕ್ಕದಲ್ಲಿ ಇಬ್ಬರದೂ ತಪ್ಪು. "ನಡೆಯೋರದ್ದು ಸಾರ್ ಅದು. ನಾವು ಬರೀ ಕಾವಲಿನವರು. ಕಾಯೋರು ಅದನ್ನ ಮಾರೋ ಹಾಗಿಲ್ಲ, ಬೇಕಾದೋರಿಗೆ ದಾನ ಕೊಡೋ ಹಾಗೂ ಇಲ್ಲ. ಯಾರೋ ಮೂವತ್ತು ವರ್ಷ ಕೂತಿದ್ರು ಅಂತ ಬೀದಿ ಅವರದ್ದಾಗಲ್ಲ."

ಕಾವಲಿನವರ ಕೈಯಲ್ಲಿ ಅಧಿಕಾರವೇನೂ ಕಡಿಮೆಯಿಲ್ಲ. "ಕಾನೂನು ನಮಗೆ ದೊಡ್ಡ ಕೋಲೇ ಕೊಟ್ಟಿದೆ. ಬುಟ್ಟಿ, ಬೋರ್ಡು, ಬೆಂಚು ಇಂಥದ್ದನ್ನ ಅಲ್ಲೇ ಎತ್ಕೊಂಡು ಹೋಗ್ಬಹುದು. ಮೆಟ್ಟಿಲು, ಕಟ್ಟೆ ಅಂತ ಕಟ್ಟಿಸಿದ್ರೆ ಮಾತ್ರ ನೋಟೀಸ್ ಕೊಡ್ಬೇಕು, ಅವರ ಮಾತೂ ಕೇಳ್ಬೇಕು, ಆಮೇಲೆ ಒಡೀಬೇಕು. ಆದ್ರೆ ಕೋಲಿದೆ ಅಂತ ದಿನಾ ಬೀಸೋಕಾಗುತ್ತಾ?" ಅದಕ್ಕೇ ಸೀಮೆಸುಣ್ಣ. ನೀಲಿ ಗುರುತು ಬಿದ್ದರೆ ನೀವೇ ತೆಗೆದುಕೊಳ್ಳಿ ಎಂದರ್ಥ. ಹತ್ತರಲ್ಲಿ ಎಂಟು ಜನ ಗೊಣಗುತ್ತಲೇ ತೆಗೆಯುತ್ತಾರೆ. ಉಳಿದವರ ಬಾಗಿಲಿಗೆ ನೋಟೀಸು ಹೋಗುತ್ತದೆ, ಅದರ ಹಿಂದೆಯೇ ಹಾರೆ ಹಿಡಿದ ತಂಡ.

ಒಮ್ಮೆ ಕುರ್ಚಿ ನಗರಸಭೆಯ ಫಲಕಕ್ಕೇ ಸಿಕ್ಕಿಕೊಂಡಿತಂತೆ. ಫುಟ್‌ಪಾತಿನ ನಟ್ಟನಡುವೆ ನೆಟ್ಟಿದ್ದ ಆ ಫಲಕದಲ್ಲಿ 'ಇಲ್ಲಿ ಅಡ್ಡಿಪಡಿಸಬೇಡಿ' ಎಂದು ಬರೆದಿತ್ತು. ಅಕ್ಕ ಅದರ ಬುಡಕ್ಕೂ ನೀಲಿ ಗೀಟು ಎಳೆದರು. ಸಾಹೇಬರು ಮೊದಲು ಕೆಂಡವಾದರು, ಆಮೇಲೆ ನಕ್ಕರು, ಕೊನೆಗೆ ಫಲಕವನ್ನು ಗೋಡೆಗೆ ಹೊಡೆಸಿದರು. ಈ ಕಥೆಯನ್ನು ಅಕ್ಕ ಎರಡೆರಡು ಸಲ ಹೇಳುತ್ತಾರೆ. ನಾನೂ ಎರಡು ಸಲ ನಗುತ್ತೇನೆ.

ಸೈಕಲ್ ರಿಪೇರಿ ಅಂಗಡಿ ಹತ್ತಿರವಾದಂತೆ ಅವರು ಕುರ್ಚಿಯನ್ನು ನಿಧಾನ ಮಾಡುತ್ತಾರೆ. ಅದು ಅವರ ಒಡಹುಟ್ಟಿದ ಅಣ್ಣನ ಅಂಗಡಿ.

ಅಂಗಡಿಯ ನೆಲ ಫುಟ್‌ಪಾತಿಗಿಂತ ಮೊಣಕಾಲಷ್ಟು ಎತ್ತರ. ಸೈಕಲ್ಲುಗಳನ್ನು ಉರುಳಿಸಿಕೊಂಡು ಒಳಗೆ ತರಲೆಂದು ಅವರ ಅಪ್ಪ ಬಾಗಿಲಿನಿಂದ ಹೊರಕ್ಕೆ ಸಿಮೆಂಟಿನ ಇಳಿಜಾರೊಂದನ್ನು ಹಾಕಿಸಿದ್ದರು. ಅದು ಅರ್ಧ ಫುಟ್‌ಪಾತನ್ನು ನುಂಗಿ ಮಲಗಿತ್ತು. ಆ ಇಳಿಜಾರಿನ ಮೇಲಿಂದ ಬಿಟ್ಟೇ ಅಣ್ಣ ತಂಗಿಗೆ ಸೈಕಲ್ ಕಲಿಸಿದ್ದು. ಅಪ್ಪ ಹೋದಮೇಲೆ ಬೆನ್ನು ತಟ್ಟಿ ಓದಿಸಿದವನು, ಈ ಕೆಲಸಕ್ಕೆ ಅರ್ಜಿ ಹಾಕಿಸಿದವನು ಅವನೇ.

"ಸುಳ್ಳು ಯಾಕೆ ಹೇಳ್ಲಿ ಸಾರ್, ತುಂಬಾ ದಿನ ಅಲ್ಲಿ ಕುರ್ಚಿನ ರಸ್ತೆಗಿಳಿಸಿ ಸುತ್ತು ಹಾಕ್ಕೊಂಡು ಹೋದೆ" ಎನ್ನುತ್ತಾರೆ ಗಾಲಿಯಕ್ಕ. ಯಾರೂ ಗಮನಿಸಿಲ್ಲ ಎಂದೇ ಅಂದುಕೊಂಡಿದ್ದರು. ಒಂದು ಬೆಳಿಗ್ಗೆ ಹಣ್ಣಿನಂಗಡಿಯಾಕೆ ಬುಟ್ಟಿ ಒಳಗಿಡುತ್ತಾ ಕೇಳಿದಳು: "ಅಲ್ಲಕ್ಕಾ, ನಮ್ಮ ಬುಟ್ಟಿಗೆಲ್ಲ ಸಿಕ್ಕಿಹಾಕ್ಕೊಳ್ಳೋ ನಿಮ್ಮತ್ತೆ, ನಿಮ್ಮಣ್ಣನ ಅಂಗಡಿ ಮುಂದೆ ಮಾತ್ರ ಯಾಕೆ ರಸ್ತೆಗಿಳೀತಾಳೆ?"

ಮುಂದಿನ ವಾರ ಕುರ್ಚಿಯನ್ನು ನೇರ ತಳ್ಳಿದರು. ಗಾಲಿ ಇಳಿಜಾರಿಗೆ ಬಡಿದು ನಿಂತಿತು. ಅಣ್ಣ ನೋಡುತ್ತಿದ್ದಂತೆಯೇ ಬಗ್ಗಿ ಗುರುತು ಹಾಕಿದರು. ಅಣ್ಣ ತೆಗೆಯಲಿಲ್ಲ. ನೋಟೀಸು ಹೋಯಿತು, ಅದಕ್ಕೂ ಜಗ್ಗಲಿಲ್ಲ. ತಂಡ ಬಂದು ಒಡೆದಾಗ ಗಾಲಿಯಕ್ಕ ಎದುರುಗಡೆಯೇ ನಿಂತಿದ್ದರು. "ಬೇರೆಯೋರ ಮೆಟ್ಟಿಲು ಒಡೆಸುವಾಗ ನಿಂತಿರ್ತೀನಲ್ಲ, ನಮ್ಮದಕ್ಕೆ ರಜಾ ಹಾಕಿದ್ರೆ ಹೇಗೆ?"

ಅಂದಿನಿಂದ ಅಣ್ಣ ಮಾತು ಬಿಟ್ಟಿದ್ದಾನೆ. ಬೇಸಿಗೆ ಹೋಗಿ ಮಳೆ ಬಂತು, ಮಳೆ ಹೋಗಿ ಚಳಿಯೂ ಬಂತು. ಈಗಲೂ ಅಕ್ಕ ವಾರಕ್ಕೊಮ್ಮೆ ಈ ಬಾಗಿಲು ಹಾದೇ ಹೋಗಬೇಕು. ಅಣ್ಣ ತಲೆ ಬಗ್ಗಿಸಿಕೊಂಡು ಟ್ಯೂಬಿಗೆ ಪಂಕ್ಚರ್ ಹಾಕುತ್ತಿರುತ್ತಾನೆ. ಗಿರಾಕಿಗಳು ಸೈಕಲ್ಲನ್ನು ಎತ್ತಿ ಒಳಗಿಡಲು ಏದುಸಿರು ಬಿಡುತ್ತಾರೆ. ಇಳಿಜಾರನ್ನು ಅಂಗಡಿಯ ನೆಲದೊಳಗೇ ಕೊರೆದುಕೊಳ್ಳಬಹುದೆಂದು ನೋಟೀಸಿನಲ್ಲೇ ಇತ್ತು. ಆದರೆ ಹಾಗೆ ಮಾಡಿದರೆ ಅಪ್ಪನ ಕಾಲದ ಕೆಲಸದ ಮೇಜಿಗೆ ಜಾಗವಿರುವುದಿಲ್ಲ. "ಅವನ ಕಡೆಯೂ ನ್ಯಾಯ ಇದೆ ಸಾರ್. ಹಾಗಂತ ಗುರುತು ಅಳಿಸೋಕಾಗುತ್ತಾ?" ಎನ್ನುವಾಗ ಅಕ್ಕ ನನ್ನ ಮುಖ ನೋಡುವುದಿಲ್ಲ.

ಇವತ್ತು ಅಂಗಡಿಯೊಳಗಿನಿಂದ ಹಾರೆಯ ಸದ್ದು ಬರುತ್ತಿದೆ. ಇಣುಕಿದರೆ, ಮೇಜು ಹಿಂದಿನ ಗೋಡೆಗೆ ಒರಗಿ ಲಂಬವಾಗಿ ನಿಂತಿದೆ. ನರೆತ ಗಡ್ಡದ ಅಣ್ಣ ತನ್ನ ಅಂಗಡಿಯ ನೆಲವನ್ನು ತಾನೇ ಅಗೆಯುತ್ತಿದ್ದಾನೆ. ಗಾಲಿಯಕ್ಕ ಕುರ್ಚಿ ನಿಲ್ಲಿಸುತ್ತಾರೆ.

"ಇಳಿಜಾರು ಎಲ್ಲಿಗೆ ಮುಗೀಬೇಕು ಅಂತ ನಗರಸಭೆಯೋರು ಯಾರಾದ್ರೂ ತೋರ್ಸಿದ್ರೆ ಒಳ್ಳೇದಿತ್ತು" ಎಂದು ಅಣ್ಣ ಚಾವಣಿಗೆ ಹೇಳುತ್ತಾನೆ.

ಅಕ್ಕ ಮಂಡಿಯೂರುತ್ತಾರೆ. ಈಚೆ ಗೋಡೆಯಿಂದ ಆಚೆ ಗೋಡೆಗೆ ದಾರ ಎಳೆದು ಬಾಗಿಲ ಉದ್ದಕ್ಕೂ ನೀಲಿ ಗೆರೆ ಹಾಕುತ್ತಾರೆ. ಗೆರೆ ನೆಟ್ಟಗೆ ಬರುತ್ತದೆ.

ಅಣ್ಣ ಬಗ್ಗಿ ನೋಡುತ್ತಾನೆ. "ಇಷ್ಟು ಒಳಗಾ? ಒಂದು ಬೆರಳು ಆಚೆ ಬಿಡೇ."

"ಆಗಲ್ಲಣ್ಣ."

"ಒಂದೇ ಒಂದು ಬೆರಳು ಕಣೇ! ಯಾರಿಗೆ ಗೊತ್ತಾಗುತ್ತೆ?"

"ಅರ್ಧ ಬೆರಳೂ ಆಗಲ್ಲ."

ಅಣ್ಣ ಹಾರೆಯನ್ನು ನೆಲಕ್ಕೆ ಕುಕ್ಕುತ್ತಾನೆ. "ಹಾಳಾದೋಳೇ! ಚಿಕ್ಕೋಳಾಗಿದ್ದಾಗಿನಿಂದ ಇದೇ ಹಠ. ಈ ತಲೆಗೆ ಸೈಕಲ್ ಕಲ್ಸಿದ್ನಲ್ಲ, ನನಗೆ ಬುದ್ಧಿ ಇರ್ಲಿಲ್ಲ. ನಿಂತ್ಕೊಂಡು ಏನೇ ನೋಡ್ತೀಯ? ಆ ಹಲಗೆ ಆ ಕಡೆ ಹಿಡ್ಕೊ!"

ಗಾಲಿಯಕ್ಕ ಹಲಗೆ ಹಿಡಿಯುತ್ತಾರೆ. ಅಣ್ಣ ಅಳತೆ ನೋಡಿ ಮುಗಿಸುವವರೆಗೂ ಬೈಯುತ್ತಲೇ ಇರುತ್ತಾನೆ. ಆಮೇಲೆ ಅಕ್ಕ ಸೀರೆಯ ಧೂಳು ಕೊಡವಿಕೊಂಡು ಕುರ್ಚಿಯ ಹಿಡಿಗೆ ಕೈ ಹಾಕಿ, ತಿರುವು ದಾಟುವವರೆಗೂ ತಳ್ಳುತ್ತಾರೆ. ಅಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗುತ್ತಾರೆ. ಮುಖವೆಲ್ಲ ನಗು.

"ಕೇಳಿಸ್ತಾ ಸಾರ್? ಪೇಪರಲ್ಲಿ ನನ್ನ ಕೆಲಸದ ವಿಷಯ ಏನೂ ಬರೀದಿದ್ರೂ ಪರ್ವಾಗಿಲ್ಲ. ನಮ್ಮಣ್ಣ ನನ್ನ ಬೈದ ಅಂತ ಮಾತ್ರ ಬರೀರಿ."