ಬಾಗಿಲು ಮುಚ್ಚಿದೆ ಎಂದ ಕ್ಲೋಶರ್

ಅಕ್ಕ ಬೆರಳುಗಳನ್ನು ಕಣ್ಣಿಗೆ ಒತ್ತಿಕೊಂಡಿದ್ದಳು. ಅದೇ ಗಳಿಗೆಗೆ ಪ್ರೆಸ್ ಇಳಿಯಿತು. ಈಗಲೂ ಮನೆಯಲ್ಲಿ ಯಾರಾದರೂ ಕಪಾಟು ಜೋರಾಗಿ ಮುಚ್ಚಿದರೆ ನಾನು ಮೊದಲು ನನ್ನ ಕೈ ನೋಡಿಕೊಳ್ಳುತ್ತೇನೆ.

ಅನಗೋಳದ ಸಣ್ಣ ಕಾರ್ಖಾನೆಯೊಂದರಲ್ಲಿ ಯಂತ್ರಗಳ ಸಾಫ್ಟ್‌ವೇರ್ ನೋಡಿಕೊಳ್ಳುವುದು ನನ್ನ ಕೆಲಸ. ನಾನು ಅಕ್ಕ ಎಂದು ಕರೆಯುವವಳು ಖಾನಾಪುರದಿಂದ ದಿನಾ ಬಂದು ತಗಡು ಒತ್ತುವ ಪ್ರೆಸ್ ನಡೆಸುವವಳು. ಚಹಾ ಕುಡಿದು ಬಂದಾಗಲೆಲ್ಲ ಪ್ರೆಸ್ಸಿನ ಮುಂದಿನ ಜಾಳಿಗೆಯ ಬಾಗಿಲು ತೆರೆದು, ಯಂತ್ರವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೇ ಕೆಲಸಕ್ಕೆ ನಿಲ್ಲುತ್ತಿದ್ದಳು. ಅಂದು ಮುಟ್ಟಿ, ಕಣ್ಣಿಗೊತ್ತಿಕೊಳ್ಳಲು ಬಗ್ಗಿದಾಗ ಕಾಲು ಪ್ರೆಸ್ ಇಳಿಸುವ ಪೆಡಲಿಗೆ ತಾಗಿತು. ಬಾಗಿಲು ತೆರೆದಿದ್ದರೆ ಪ್ರೆಸ್ ಇಳಿಯಲೇಬಾರದು. ಇಳಿಯಿತು.

ಕೈ ಆಗಲೇ ಹೊರಗಿದ್ದುದರಿಂದ ಬೆರಳು ಉಳಿದವು. ಆದರೆ ಯಂತ್ರದ್ದೇ ತಪ್ಪು ಎಂದರೆ ಮಾಲೀಕರು ನಂಬಲಿಲ್ಲ. "ಮುಚ್ಚಿದಂಗ ತೋರಸಾಕ ಬಾಗಲದ ಸ್ವಿಚ್ಚಿಗೆ ತಂತಿ ಸುತ್ತೀದಿ ನೀ. ಲಗೂನ ಮುಗಸಾಕ ಎಲ್ಲಾರೂ ಮಾಡೂದ ಅದ."

"ತಂತಿ ಎಲ್ಲೈತ್ರಿ? ತೋರಸ್ರಿ," ಎಂದಳು ಅಕ್ಕ.

"ಇಷ್ಟೊತ್ತಿಗೆ ಬಿಚ್ಚಿ ಒಗದಿರ್ತಿ."

ಖರೇ ಏನೆಂದು ಗೊತ್ತಾಗುವವರೆಗೆ ಕೆಲಸಕ್ಕೆ ಬರಬೇಡ ಎಂದುಬಿಟ್ಟರು.

ತಂತಿ ನಾನು ಕಂಡಿರಲಿಲ್ಲ. ಆದರೆ ಅಕ್ಕನ ಬೆನ್ನ ಹಿಂದೆ ನಿಂತಿದ್ದ ನನಗೆ ಎಲ್ಲವೂ ಕಾಣುತ್ತದೆಯೇ? ನನ್ನ ಕಣ್ಣಿನ ಮೇಲೂ ಅನುಮಾನ ಬಂತು. ಆ ಸ್ವಿಚ್ಚನ್ನು, ಅಂದರೆ ಬಾಗಿಲಿನ ಸೆನ್ಸರನ್ನು, ಬಿಚ್ಚಿ ನೋಡಿದೆ, ಸರಿಯಿತ್ತು. ಉಳಿದದ್ದು ಪ್ರೋಗ್ರಾಂ. ನನಗಿಂತ ಮೊದಲಿದ್ದವರು ಅದನ್ನು ರಸ್ಟ್ ಭಾಷೆಯಲ್ಲಿ ಬರೆದಿದ್ದರು. ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಅದರ ಕಂಪೈಲರ್ ಸಣ್ಣ ತಪ್ಪನ್ನೂ ಬಿಡುವುದಿಲ್ಲ ಎಂಬ ಹೆಸರಿದೆ. ಪೆಡಲ್ ಒತ್ತಿದಾಗ ಓಡುವ ಭಾಗ ಒಂದು ಕ್ಲೋಶರ್. ನಮ್ಮ ಕಾಲೇಜಿನಲ್ಲಿ ಅದನ್ನು ಕಲಿಸಿರಲಿಲ್ಲ. ಮಹಾಂತೇಶ ನಗರದ ರೂಮಿನಲ್ಲಿ ಕೂತು ಕಲಿತೆ.

ಕ್ಲೋಶರ್ ಎಂದರೆ ಹೆಸರಿಲ್ಲದ ಪುಟ್ಟ ಫಂಕ್ಷನ್, ಒಂದು ಕೆಲಸ ಮಾಡುವ ಪ್ರೋಗ್ರಾಮಿನ ತುಣುಕು. ಹುಟ್ಟಿದ ಜಾಗದ ಮೌಲ್ಯಗಳನ್ನು ಜೊತೆಗೇ ಹಿಡಿದುಕೊಂಡು ಹೋಗುತ್ತದೆ. ಕೆಲವನ್ನು ಎರವಲು ತರುತ್ತದೆ. 'ಮೂವ್' ಎಂದು ಬರೆದರೆ ತನ್ನದಾಗಿಯೇ ಮಾಡಿಕೊಳ್ಳುತ್ತದೆ. ಹೌದು-ಇಲ್ಲದಂಥ ಸಣ್ಣ ಮೌಲ್ಯವಾದರೆ ನಕಲು ತೆಗೆದುಕೊಳ್ಳುತ್ತದೆ. ಈ ಕ್ಲೋಶರಿಗೆ 'ಮೂವ್' ಇತ್ತು. ಬೆಳಿಗ್ಗೆ ಯಂತ್ರ ಚಾಲೂ ಆದಾಗ ಬಾಗಿಲು ಮುಚ್ಚಿತ್ತು. ಆ 'ಮುಚ್ಚಿದೆ'ಯ ನಕಲನ್ನೇ ಇಟ್ಟುಕೊಂಡು ಅದು ದಿನವಿಡೀ ಪ್ರೆಸ್ಸಿಗೆ ಅಪ್ಪಣೆ ಕೊಡುತ್ತಿತ್ತು. ಅಕ್ಕ ಬಾಗಿಲು ತೆರೆದದ್ದು ಅದಕ್ಕೆ ತಿಳಿಯಲೇ ಇಲ್ಲ.

'ಮೂವ್' ಅಳಿಸಿ ನೋಡಿದೆ. ಎರವಲು ತಂದ ಮೌಲ್ಯ ಕ್ಲೋಶರಿಗಿಂತ ಮೊದಲೇ ಅಳಿಯಬಹುದು ಎಂದು ಕಂಪೈಲರ್ ತಪ್ಪು ತೋರಿಸಿ, 'ಮೂವ್' ಸೇರಿಸಿ ಎಂದು ತಾನೇ ಸಲಹೆ ಕೊಟ್ಟಿತು. ಹಿಂದಿನವರೂ ಈ ಸಲಹೆಯನ್ನೇ ಕೇಳಿರಬೇಕು.

ಪೆಡಲ್ ಒತ್ತಿದಾಗಲೆಲ್ಲ ಸೆನ್ಸರನ್ನೇ ಕೇಳುವಂತೆ ಬದಲಿಸಿದೆ. ಮಾಲೀಕರ ಮುಂದೆ ಹಳೆಯ ಪ್ರೋಗ್ರಾಂ ಹಾಕಿ, ಬಾಗಿಲು ಮುಚ್ಚಿ ಯಂತ್ರ ಚಾಲೂ ಮಾಡಿ, ಆಮೇಲೆ ಬಾಗಿಲು ತೆರೆದು, ಒಳಗೆ ಕಟ್ಟಿಗೆಯ ತುಂಡಿಟ್ಟು ಪೆಡಲ್ ಒತ್ತಿದೆ. ತುಂಡು ಸೀಳಿತು. ಹೊಸದರಲ್ಲಿ ಪ್ರೆಸ್ ಅಲುಗಲಿಲ್ಲ. ಅವರು ಸೀಳಿದ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿ, "ಆಕೀಗೆ ಫೋನ್ ಮಾಡ್ರಿ," ಎಂದರು.

ಮರುದಿನ ಅಕ್ಕ ಬಂದಳು. ಬಾಗಿಲು ತೆರೆದು ಕೈ ಚಾಚಿದಳು. ನಾನು ಓಡಿಹೋಗಿ ಮೇನ್ ಸ್ವಿಚ್ ಆಫ್ ಮಾಡಿ ಅದನ್ನೇ ಹಿಡಿದು ನಿಂತೆ.

"ಅಗ ಬಾಯಿ! ನೀನ ರಿಪೇರಿ ಮಾಡಿ, ನೀನ ನಂಬೂದಿಲ್ಲೇನು?" ಎಂದು ನಕ್ಕಳು.

"ನೀ ಮೊದಲ ಮುಟ್ಟಿ ಕೈ ತಗಿ, ಅಕ್ಕ."

ಮುಟ್ಟಿದಳು, ಕಣ್ಣಿಗೊತ್ತಿಕೊಂಡಳು, ಬಾಗಿಲು ಮುಚ್ಚಿದಳು. ಚಿಲಕ ಬಿದ್ದಿದೆಯೇ ಎಂದು ಎಳೆದು ನೋಡಿಯೇ ನಾನು ಸ್ವಿಚ್ ಹಾಕಿದೆ.