ಹಾಡಿನ ನಡುವಿನ ಒಂದು ನಿಮಿಷ

ನಮ್ಮ ಬ್ಯಾಂಡಿನಲ್ಲಿ ಮೂರೇ ಜನ: ಕೆನಡಾದವನೊಬ್ಬ, ಹುಬ್ಬಳ್ಳಿಯ ಎಸಿ ಇಂಜಿನಿಯರೊಬ್ಬರು, ಮತ್ತೆ ನಾನು. ಕೆನಡಾದವನೂ ನಾನೂ ಅಬುಧಾಬಿಯ ಒಂದೇ ಆಸ್ಪತ್ರೆಯಲ್ಲಿದ್ದೆವು. ಅವನು ಫಿಸಿಯೋಥೆರಪಿಸ್ಟ್, ನಾನು ಎಕ್ಸ್‌ರೇ ತೆಗೆಯುವವನು. ಅವನ ಊರಲ್ಲಿ ಅವನದೊಂದು ರಾಕ್ ಬ್ಯಾಂಡ್ ಇತ್ತಂತೆ. ಮೊದಲ ಆಲ್ಬಮ್ಮಿಗೆ ಜನ ಕುಣಿದರು, ಎರಡನೆಯದಕ್ಕೆ ತಲೆ ಕೆರೆದುಕೊಂಡರು. ಫ್ರಿಜ್ಜಿನ ಗುಂಯ್ ಸದ್ದನ್ನೇ ಶ್ರುತಿ ಮಾಡಿಕೊಂಡ ಮೂರನೆಯದಕ್ಕೆ ಸ್ವಂತ ಡ್ರಮ್ಮರೇ ಎದ್ದು ಹೋದ. ಇದನ್ನು ಹೇಳಿ ಅವನು ನಗುತ್ತಿದ್ದ. ನನಗೆ ಮಾತ್ರ ಆ ಡ್ರಮ್ಮರನ ಮೇಲೆ ಸಿಟ್ಟು ಬರುತ್ತಿತ್ತು.

ಚರ್ಚಿನ ಕಾಯರಿನಲ್ಲಿ ಗಿಟಾರ್ ಹಿಡಿಯುತ್ತಿದ್ದ ನನ್ನನ್ನೂ, ಎಸಿ ಡಕ್ಟಿನ ತಗಡನ್ನು ತಾಳಕ್ಕೆ ಬಡಿಯಬಲ್ಲ ಇಂಜಿನಿಯರನ್ನೂ ಸೇರಿಸಿಕೊಂಡು ಅವನು ಇಲ್ಲಿ ಮತ್ತೆ ಶುರು ಮಾಡಿದ. ಟೂರಿಸ್ಟ್ ಕ್ಲಬ್ ಏರಿಯಾದ ನನ್ನ ಫ್ಲ್ಯಾಟಿನಲ್ಲಿ ಶನಿವಾರ ಪ್ರಾಕ್ಟೀಸು. ಆರು ವರ್ಷದಲ್ಲಿ ನಮ್ಮ ಹಾಡನ್ನು ಕೊನೆಯವರೆಗೆ ಕೇಳಿದವರು ಒಬ್ಬರೂ ಇಲ್ಲ. ಹಾಡಿನ ನಡುವೆ ಒಂದು ನಿಮಿಷ ಪೂರ್ತಿ ಮೌನ ಇರಬೇಕೆಂಬುದು ಅವನ ಹಟ. ಜನ ಆ ನಿಮಿಷದಲ್ಲೇ ಚಪ್ಪಾಳೆ ತಟ್ಟಿ ಊಟಕ್ಕೆ ಏಳುತ್ತಿದ್ದರು. ಕಡೆಗೆ ಅವನು ರಾಜೀನಾಮೆ ಕೊಟ್ಟು ಊರಿಗೆ ಹೊರಟು ನಿಂತ. ನನಗೆ ಸಂಕಟವಾಯಿತು. ಹೋಗುವ ಮುಂಚೆ ಒಂದು ಸಲವಾದರೂ ಜನ ಕೊನೆತನಕ ಕೂರಲಿ ಎಂದು ಮಗಳ ರೋಸಿಗೆ, ಅಂದರೆ ಮದುವೆಗೆ ಮುಂಚಿನ ತೆಂಗಿನ ಹಾಲಿನ ಶಾಸ್ತ್ರಕ್ಕೆ, ಬ್ಯಾಂಡನ್ನು ಕರೆದುಬಿಟ್ಟೆ.

"ಒಂದೇ ಹಾಡು, ಮತ್ತೆ ಖಲಾಸ್. ಗೊತ್ತಾಯ್ತಾ?" ಎಂದಳು ಹೆಂಡತಿ.

ಮದುವೆಯ ಮುನ್ನಾದಿನದ ಸಂಜೆ, ಬರ್ ದುಬೈಯ ಒಂದು ಪಾರ್ಟಿ ಹಾಲ್. ತೆಂಗಿನ ಹಾಲು ಹಚ್ಚಿಸಿಕೊಳ್ಳಲು ಮಗಳು ಕೂತಿದ್ದಳು. ನಾವು ಶುರು ಮಾಡಿದೆವು. ತಗಡು ಗುಡುಗಿತು, ಮಕ್ಕಳು ಕಿವಿ ಮುಚ್ಚಿಕೊಂಡರು. ಆಮೇಲೆ ಆ ಒಂದು ನಿಮಿಷದ ಮೌನ ಬಂತು. ಆದರೆ ರೋಸಿನಲ್ಲಿ ಬ್ಯಾಂಡು ನಿಂತಿತೆಂದರೆ ನಮ್ಮ ಹೆಂಗಸರು ವೊವಿ, ಅಂದರೆ ಕೊಂಕಣಿ ಸೋಬಾನೆ, ಹಾಡಬೇಕು, ಅದು ಹಿಂದಿನಿಂದ ಬಂದ ರೂಢಿ. ವಿಸಿಟ್ ವೀಸಾದಲ್ಲಿ ಮಂಗಳೂರಿನಿಂದ ಬಂದಿದ್ದ ನನ್ನ ಅತ್ತೆ ನಮ್ಮದು ಮುಗಿಯಿತೆಂದೇ ತಿಳಿದು, ಕೈಯಲ್ಲಿ ಬಟ್ಟಲು ಹಿಡಿದುಕೊಂಡೇ ವೊವಿ ಎತ್ತಿಬಿಟ್ಟರು. ಇಡೀ ಹಾಲ್ ದನಿಗೂಡಿಸಿತು.

ಕೆಲಸ ಕೆಟ್ಟಿತು ಎಂದು ನಾನು ತಲೆ ತಗ್ಗಿಸಿದೆ. "ಸುಮ್ಮನ ಯಾಕ ನಿಂತ್ರಿ? ಬಾರಸ್ರಿ ಸರ!" ಎಂದರು ಇಂಜಿನಿಯರು. ನೋಡಿದರೆ ಕೆನಡಾದವನು ಕಣ್ಣು ಮುಚ್ಚಿಕೊಂಡು ವೊವಿಯ ಕೆಳಗೆ ಕೀಬೋರ್ಡಿನಲ್ಲಿ ತನ್ನ ಗುಂಯ್ ಶ್ರುತಿ ಹಿಡಿದಿದ್ದ. ನಾನೂ ಸೇರಿದೆ. ಅತ್ತೆ ಬಿಡಲಿಲ್ಲ, ನಾವೂ ಬಿಡಲಿಲ್ಲ. ಹಾಡು ಕೊನೆ ಮುಟ್ಟುವವರೆಗೆ ಒಬ್ಬರೂ ಏಳಲಿಲ್ಲ. ಅಷ್ಟು ಸಂತೋಷ ನನಗೆ ನನ್ನ ಮದುವೆಯಲ್ಲೂ ಆಗಿರಲಿಲ್ಲ. ಇದನ್ನು ಹೆಂಡತಿಗೆ ಇನ್ನೂ ಹೇಳಿಲ್ಲ.

ಸೋಮವಾರ ಅವನು ಎಕ್ಸ್‌ರೇ ರೂಮಿಗೆ ಬಂದ. ಬೀಳ್ಕೊಡುವ ಹೊತ್ತು ಬಂತೆಂದು ನಾನು ಗಂಟಲು ಸರಿಮಾಡಿಕೊಂಡೆ.

"ನಿನ್ನ ಅತ್ತೆಯ ವೀಸಾ ಎಷ್ಟು ದಿನಕ್ಕಿದೆ?" ಎಂದು ಕೇಳಿದ.

"ತಿಂಗಳ ಕೊನೆಗೆ ಮುಗಿಯುತ್ತದೆ. ಯಾಕೆ?"

"ಎಕ್ಸ್‌ಟೆಂಡ್ ಮಾಡಿಸು. ನಾನು ರಾಜೀನಾಮೆ ವಾಪಸ್ ತೆಗೆದುಕೊಂಡಾಗಿದೆ."