ಎಸೆನ್‌ಕುಲ್‌ನ ಒಂಬತ್ತು ಗಂಟೆಯ ಅಂಕಿ

ನಮ್ಮೂರ ಹವಾಮಾನ ವೀಕ್ಷಕ ಎಸೆನ್‌ಕುಲ್ ಇಪ್ಪತ್ತೆಂಟು ವರ್ಷ ಉಸಿರು ಬಿಗಿಹಿಡಿದು ಕೆಲಸ ಮಾಡಿದ ಮನುಷ್ಯ. ಉತ್ಪ್ರೇಕ್ಷೆ ಮಾಡುತ್ತಿಲ್ಲ, ಅವನ ಕೆಲಸವೇ ಅದು. ಊರಾಚೆಯ ಬೇಲಿಯೊಳಗೆ ಎತ್ತರದ ಕಾಲುಗಳ ಮೇಲೆ ಒಂದು ಬಿಳಿ ಮರದ ಪೆಟ್ಟಿಗೆ, ಅದರೊಳಗೆ ಉಷ್ಣಮಾಪಕ. ಮೂರು ಗಂಟೆಗೊಮ್ಮೆ ಮೆಟ್ಟಿಲು ಹತ್ತಿ, ಬಾಗಿಲು ತೆರೆದು, ಮೈಯ ಬಿಸಿ ತಾಗುವ ಮೊದಲೇ ಡಿಗ್ರಿಯ ಹತ್ತನೇ ಭಾಗವನ್ನು ಓದಬೇಕು. ಪೂರ್ಣ ಅಂಕಿ ಆಮೇಲೆ. ಅಲ್ಲಿಯತನಕ ಉಸಿರು ಬಿಡುವಂತಿಲ್ಲ. ತಮ್ಮನ ಮದುವೆಯಲ್ಲಿ ಹಿರಿಯರು ಬೇಯಿಸಿದ ಕುರಿಯ ತಲೆಯನ್ನು ಮರ್ಯಾದೆಯಿಂದ ಮುಂದಿಟ್ಟಾಗಲೂ ಗಡಿಯಾರ ನೋಡಿ ಎದ್ದು ಹೋಗಿದ್ದ. ಬೀಗರು ಎರಡು ವರ್ಷ ಮಾತು ಬಿಟ್ಟಿದ್ದರು.

ದಿನದ ಎಂಟು ಹೊತ್ತಿನಲ್ಲಿ ಏಳನ್ನು ಅವನು ಒಬ್ಬನೇ ಓದುತ್ತಿದ್ದ. ಬೆಳಗಿನ ಒಂಬತ್ತು ಗಂಟೆಯದು ಮಾತ್ರ ಊರ ಪಾಲು. ಕುರಿಗಳನ್ನು ಬಯಲಿಗೆ ಅಟ್ಟಿ, ಬೇರೆ ಕೆಲಸವಿಲ್ಲದ ಗಂಡಸರು ನೇರ ಅಲ್ಲಿಗೇ ಬರುತ್ತಿದ್ದೆವು. ‘ಪ್ರವೇಶವಿಲ್ಲ’ ಎಂಬ ಫಲಕಕ್ಕೆ ಕುದುರೆ ಕಟ್ಟುತ್ತಿದ್ದೆವು.

“ಸಲಾಮ್ ಬಾಯ್ಕೆ! ಚೆನ್ನಾಗಿದ್ದೀರಾ? ಮನೇಲೆಲ್ಲ ಕ್ಷೇಮಾನಾ? ಮೊಮ್ಮಗಳ ಕೆಮ್ಮು ಹೋಯ್ತಾ? ಕುರಿ, ಕುದುರೆ ಹೇಗಿವೆ? ಹುಲ್ಲು ಮಾರ್ಚ್‌ವರೆಗೂ ಬರುತ್ತಾ?” ಎಂದು ಕುದುರೆ ಸಾಕುವ ತುರ್ದುಬೆಕ್ ಶುರುಮಾಡುತ್ತಿದ್ದ. ಬಾಯ್ಕೆ ಅಂದರೆ ಅಣ್ಣ. ಹಾಗೆ ಕರೆದವನಿಗೆ ಬೆನ್ನು ಹಾಕಿ ಉತ್ತರ ಕೊಡುವವನನ್ನು ನಮ್ಮ ಕಣಿವೆಯಲ್ಲಿ ಯಾರೂ ಮನುಷ್ಯನೆನ್ನುವುದಿಲ್ಲ. ಎಸೆನ್‌ಕುಲ್ ತೆರೆದ ಬಾಗಿಲನ್ನು ಹಾಗೇ ಬಿಟ್ಟು, ತಿರುಗಿ ನಿಂತು, ಒಂದೊಂದಕ್ಕೂ ಉತ್ತರ ಕೊಟ್ಟು, ತಾನೂ ಅಷ್ಟನ್ನೇ ಕೇಳಬೇಕಿತ್ತು. ಅಷ್ಟರಲ್ಲಿ ಐದಾರು ಮುಖಗಳು ಪೆಟ್ಟಿಗೆಯೊಳಗೆ ತೂರಿರುತ್ತಿದ್ದವು.

“ಎಷ್ಟು ಚಳಿ ಹಾಕಿದ್ದೀರಿ ಇವತ್ತು? ಮೊನ್ನೆ ಸೊನ್ನೆಗಿಂತ ಕೆಳಗೆ ಮೂವತ್ತೊಂದು ಹಾಕಿದ್ದು ಜಾಸ್ತಿ ಆಯ್ತು ನೋಡಿ, ನಮ್ಮನೆ ಕರು ಹೋಯ್ತು!” ಎನ್ನುತ್ತಿದ್ದ ಅವರಲ್ಲೊಬ್ಬ.

“ಲಂಚ ಕೊಡೋ, ನಾಳೆ ಚಳೀನ ಹತ್ತು ಡಿಗ್ರಿ ಕಮ್ಮಿ ಮಾಡ್ತೀನಿ,” ಎನ್ನುತ್ತಿದ್ದ ಎಸೆನ್‌ಕುಲ್.

ಆ ಮುಖಗಳಲ್ಲಿ ಎಲ್ಲಕ್ಕಿಂತ ಮುಂದಿದ್ದ ಮೂಗು ನನ್ನದು. ನಾನು ಶಾಲೆಯಲ್ಲಿ ಭೌತಶಾಸ್ತ್ರ ಕಲಿಸುವವನು, ಮಧ್ಯಾಹ್ನದ ಪಾಳಿ. ಅವನು ಓದಿದ್ದು ಸರಿಯೇ ಎಂದು ಪರೀಕ್ಷಿಸುವ ಹಕ್ಕು ನನಗಲ್ಲದೆ ಇನ್ಯಾರಿಗೆ ಎಂಬ ಜಂಬ. ಕನ್ನಡಕದ ಮೇಲಿನ ಮಂಜನ್ನು ಒರೆಸಿ ಒರೆಸಿ ಓದುತ್ತಿದ್ದೆ. ಆ ಮಂಜು ಎಲ್ಲಿಂದ ಬಂತೆಂದು ಈ ಮಹಾಪಂಡಿತ ಒಮ್ಮೆಯೂ ಯೋಚಿಸಲಿಲ್ಲ.

ಹೋದ ವರ್ಷ ಪೆಟ್ಟಿಗೆಯ ಪಕ್ಕದಲ್ಲಿ, ತಾನೇ ಅಳೆದು ತಾನೇ ರಾಜಧಾನಿಗೆ ಕಳಿಸುವ ಯಂತ್ರವನ್ನು ನೆಟ್ಟರು. ಅದನ್ನು ಯಾರೂ ಮಾತಾಡಿಸಲಿಲ್ಲ, ಅದರ ಪುಣ್ಯ. ವರ್ಷ ತುಂಬಿದಾಗ ಎರಡರ ಅಂಕಿಗಳನ್ನೂ ಹೋಲಿಸಿ ನೋಡಲು ಚೊಲ್ಪೊನ್ ಎಂಬ ಎಂಜಿನಿಯರ್ ಹುಡುಗಿ ಬಂದಳು.

“ಬಾಯ್ಕೆ, ಏಳು ಹೊತ್ತಿಂದು ಯಂತ್ರದ ಜೊತೆ ಕೂದಲೆಳೆ ವ್ಯತ್ಯಾಸ ಇಲ್ದೆ ಕೂಡುತ್ತೆ. ಒಂಬತ್ತು ಗಂಟೇದು ಮಾತ್ರ ಅರ್ಧ ಡಿಗ್ರಿ ಜಾಸ್ತಿ. ಯಾಕೆ?”

“ಜನ ಬರ್ತಾರಮ್ಮ. ಮಾತಾಡಿಸ್ತಾರೆ. ಬಾಗಿಲು ತೆಗ್ದೇ ಇರುತ್ತೆ.”

“ಬೇಲಿ ಒಳಗೆ ಬಿಟ್ಕೋತೀರಾ?”

“ಬಂದೋರನ್ನ ಆಚೆ ನಿಲ್ಸೋಕಾಗುತ್ತಾ?”

ಅವಳಿಗೆ ನಗು ತಡೆಯಲಾಗಲಿಲ್ಲ. ಒಳ್ಳೆಯ ಹುಡುಗಿ, ದಾರಿಯನ್ನೂ ಹೇಳಿದಳು. “ಇಬ್ಬರು ‘ನಾವು ಒಳಗೆ ಬಂದು ನಿಲ್ತಿದ್ವಿ’ ಅಂತ ಬರೆದು ಸಹಿ ಹಾಕ್ಲಿ. ಒಂಬತ್ತರ ಅಂಕಿ ತಿದ್ದಿ ಮಿಕ್ಕಿದ್ದೆಲ್ಲ ಉಳಿಸ್ತೀನಿ. ಇಲ್ಲಾಂದ್ರೆ ಇಪ್ಪತ್ತೆಂಟು ವರ್ಷದ್ದನ್ನೂ ‘ನಂಬಲರ್ಹವಲ್ಲ’ ಅಂತ ಬದಿಗಿಡ್ತಾರೆ. ನನ್ನ ಕೈಲಿಲ್ಲ.”

ಎಸೆನ್‌ಕುಲ್ ಕಾಗದ ಹಿಡಿದು ಮನೆ ಮನೆ ಹತ್ತಿದ. ಎಲ್ಲ ಕಡೆಯೂ ಚಹಾ ಬಗ್ಗಿಸಿದರು, ರೊಟ್ಟಿ ಮುರಿದರು. ಕಾಗದ ಬಿಚ್ಚಿದ ಕೂಡಲೇ ಮುಖ ಬೇರೆಯಾಗುತ್ತಿತ್ತು.

“ನಾನಾ? ನಾನ್ಯಾವಾಗ ಬಂದಿದ್ದೆ ಬಾಯ್ಕೆ? ಕುದುರೆ ನೋಡ್ಕೊಳ್ಳೋಕೇ ಹೊತ್ತು ಸಾಲಲ್ಲ ನಂಗೆ,” ಎಂದ ತುರ್ದುಬೆಕ್. ಸರ್ಕಾರಿ ಜಾಗದೊಳಗೆ ನುಗ್ಗಿದ್ದೆ ಎಂದು ಬರೆದುಕೊಟ್ಟರೆ ನಾಳೆ ಏನು ಗತಿ? ರಾಜಧಾನಿಗೆ ಹೋಗುವ ಕಾಗದವೆಂದರೆ ನಮ್ಮವರಿಗೆ ತೋಳಕ್ಕಿಂತ ಹೆಚ್ಚು ಭಯ. ಇಪ್ಪತ್ತೆಂಟು ವರ್ಷ ಆ ಬೇಲಿಯೊಳಗೆ ಹುಲ್ಲು ಬೆಳೆಯದಂತೆ ತುಳಿದ ಊರಿನಲ್ಲಿ ಅಲ್ಲಿಗೆ ಕಾಲಿಟ್ಟವನು ಒಬ್ಬನೂ ಇರಲಿಲ್ಲ.

ಕೊನೆಗೆ ನನ್ನ ಮನೆಗೆ ಬಂದ. ಪೆನ್ನನ್ನೂ ತಾನೇ ತಂದಿದ್ದ.

“ಮೇಷ್ಟ್ರೇ, ನೀವಾದ್ರೂ ಹಾಕಿ. ಓದಿದೋರು. ನೀವು ಹಾಕಿದ್ರೆ ತುರ್ದುಬೆಕ್ಕೂ ಹಾಕ್ತಾನೆ. ಅಂಕಿ ಬರೆದಿಟ್ಟ ಆ ಪುಸ್ತಕಗಳು ಬಿಟ್ರೆ ನಾನು ಮಾಡಿದ್ದು ಅಂತ ಬೇರೇನಿದೆ ಹೇಳಿ?”

ಆ ತಿಂಗಳು ಮುಖ್ಯೋಪಾಧ್ಯಾಯನ ಹುದ್ದೆಗೆ ನನ್ನ ಹೆಸರು ಹೋಗಿತ್ತು. ಕಾಗದವನ್ನು ಎರಡು ಸಲ ಓದಿದೆ. ಹೆಂಡತಿ ಬಾಗಿಲಲ್ಲೇ ನಿಂತಿದ್ದಳು.

“ನಾನು ಬೇಲಿ ಆಚೆಯೇ ನಿಲ್ತಿದ್ದೆ ಅಲ್ವಾ ಬಾಯ್ಕೆ?” ಎಂದೆ.

ಅವನು ನನ್ನನ್ನು ನೋಡಿದ. ಆಮೇಲೆ ನನ್ನ ಹೆಂಡತಿಯನ್ನು ನೋಡಿದ.

“ಹೌದು ಮೇಷ್ಟ್ರೇ. ನೀವು ಆಚೆಯೇ ಇದ್ರಿ,” ಎಂದು ಪೆನ್ನನ್ನು ಜೇಬಿಗಿಟ್ಟುಕೊಂಡ. ನಾನು ಕಂಡಂತೆ ಅವನು ಹೇಳಿದ ಸುಳ್ಳು ಅದೊಂದೇ, ಅದೂ ನನ್ನ ಮಾನ ಉಳಿಸಲು. ಆಗ ಅವನು ನನ್ನ ಮುಖಕ್ಕೆ ಉಗಿದಿದ್ದರೆ ಚೆನ್ನಾಗಿತ್ತು.

ದಾಖಲೆಯಲ್ಲಿ ಈಗ ನಮ್ಮ ಕಣಿವೆಯ ಚಳಿ ಶುರುವಾಗುವುದು ಯಂತ್ರ ಬಂದ ವರ್ಷದಿಂದ. ಅದರ ಹಿಂದಿನದೆಲ್ಲ ಖಾಲಿ. ನಾನು ಮುಖ್ಯೋಪಾಧ್ಯಾಯನಾದೆ. ಮೊನ್ನೆ ಏಳನೇ ತರಗತಿಯವರಿಗೆ ಯಂತ್ರ ತೋರಿಸಲು ಕರೆದೊಯ್ದಿದ್ದೆ. ತುರ್ದುಬೆಕ್‌ನ ಮಗಳು ಕೇಳಿದಳು:

“ಸಾರ್, ಎಸೆನ್‌ಕುಲ್ ತಾತ ಇಷ್ಟು ವರ್ಷ ತಪ್ಪು ತಪ್ಪು ಬರೀತಿದ್ರಂತೆ, ಹೌದಾ?”

ಮಕ್ಕಳೆಲ್ಲ ನನ್ನತ್ತ ತಿರುಗಿದರು.

“ಯಂತ್ರ ಸುಳ್ಳು ಹೇಳಲ್ಲಮ್ಮ,” ಎಂದೆ.